ಭಾನುವಾರದ ಮಾತುಕತೆ: ಕೀತ್ 'ನಂಬರ್ 5'

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 6ಕ್ಕೆ ವಿಡಿಯೋ ಕಾಲ್ ಇದೆ, ಮರೀಬೇಡಿ.

ವಿಷಯ: ಅಮೆರಿಕದ ಬಂದೂಕು ಬರಹಗಾರ ಎಲ್ಮರ್ ಕೀತ್ 1920ರ ದಶಕದಲ್ಲಿ ಹೇಳಿ ಮಾಡಿಸಿಕೊಂಡ 'ನಂಬರ್ 5' ರಿವಾಲ್ವರ್, ಮತ್ತು ಇವತ್ತಿನ ಕಸುಬುದಾರರು ಅದನ್ನು ಮರುಸೃಷ್ಟಿಸಿದ ಬಗೆ. ಮೂಲ ಕೋಲ್ಟ್ ಕಂಪನಿಯ ಸಿಂಗಲ್ ಆಕ್ಷನ್ (ಪ್ರತಿ ಗುಂಡಿಗೂ ಮೊದಲು ಹ್ಯಾಮರನ್ನು ಕೈಯಿಂದ ಹಿಂದಕ್ಕೆಳೆಯಬೇಕಾದ ರಿವಾಲ್ವರ್), ಅದಕ್ಕೆ ಹಾಕುವ ಗುಂಡು .44 ಸ್ಪೆಷಲ್. ನನಗೆ ಜಾಸ್ತಿ ಇಷ್ಟ ಅದರ ಹಿಡಿ. ಹಿಡಿಯ ಹಿಂಬದಿಯ ಲೋಹದ ಪಟ್ಟಿ ಬಿಸ್ಲಿ ಮಾದರಿಯದು (ಗುರಿ ಸ್ಪರ್ಧೆಗೆಂದು ಕೋಲ್ಟ್ ಮಾಡಿದ್ದ ರಿವಾಲ್ವರ್), ಮುಂಬದಿಯದು ಸಾದಾ ಕೋಲ್ಟಿನದು. ಎರಡೂ ಕೂಡುವ ಕಡೆ ಬೆರಳಾಡಿಸಿದರೂ ಗೆರೆ ಸಿಗಬಾರದು. ಅರ ಹಿಡಿದು ನಿಧಾನವಾಗಿ ಉಜ್ಜುವ ಕೆಲಸ, ಅವಸರ ಮಾಡಿದರೆ ಕೆಟ್ಟಿತು.

ಪ್ರಶ್ನೆಗಳನ್ನು ಶುಕ್ರವಾರದೊಳಗೆ ಇಲ್ಲೇ ಹಾಕಿ. ಲಿಂಕ್ ಶನಿವಾರ ರಾತ್ರಿ ಕಳಿಸುತ್ತೇನೆ. ಕೊಳ್ಳುವ, ಮಾರುವ ಮಾತು ಮಾತ್ರ ಬೇಡ. ಸುಮ್ನೆ ಲೈಸೆನ್ಸ್ ತಲೆನೋವು ಯಾಕೆ, ಅಲ್ವಾ?

ಬರುವವರು ಹೆಬ್ಬೆಟ್ಟು ಒತ್ತಿ.