ವರ್ಷವೂ ತುಂಬದ ಗಾದಿ

ಗೆಳೆಯಾ,

ಕಲಾತ್‌ನ ಶಾ ನವಾಜ್ ಖಾನ ಯಾರು, ಒಂದು ವರ್ಷವೂ ಆಳದವನಿಗೆ ಪಟ್ಟ ಕಟ್ಟಿದ್ದು ಯಾಕೆ ಅಂತ ಕೇಳಿದ್ದೆ. ಕಟ್ಟಿದವರು ಇಂಗ್ಲಿಷರು. ಇಳಿಸಿದವರು ಅವನದೇ ಜನ.

ಕಲಾತ್ ಬಲೂಚಿಸ್ತಾನದಲ್ಲಿ ಆರು ಸಾವಿರ ಅಡಿಗೂ ಮೇಲಿರುವ ಊರು. ಅಲ್ಲಿನ ಖಾನರು, ಅಂದರೆ ದೊರೆಗಳು, ಬ್ರಾಹುಯಿ ಬುಡಕಟ್ಟಿನವರು. ಅವರ ಮಾತು ದ್ರಾವಿಡ ಭಾಷೆ, ಅಂದರೆ ನಮ್ಮ ಕನ್ನಡಕ್ಕೆ ದೂರದ ನೆಂಟ! 1839ರಲ್ಲಿ, ಗಾದಿ ಕಳೆದುಕೊಂಡಿದ್ದ ಅಫ್ಘಾನ್ ದೊರೆ ಶಾ ಶೂಜಾನನ್ನು ಮತ್ತೆ ಕಾಬೂಲಿನಲ್ಲಿ ಕೂರಿಸಲು ಹೊರಟ ಇಂಗ್ಲಿಷರ ದಂಡು ಬೋಲಾನ್ ಕಣಿವೆ ಹಾದು ಹೋಯಿತು. ದಾರಿಯಲ್ಲಿ ಕಾಳುಕಡ್ಡಿ ಸಿಗಲಿಲ್ಲ, ಲೂಟಿ ಬೇರೆ. ತಪ್ಪೆಲ್ಲ ಆಗಿನ ಖಾನ ಮೆಹ್ರಾಬನ ತಲೆಗೆ ಬಂತು. ಅವನ ಮಂತ್ರಿ ಮುಲ್ಲಾ ಮೊಹಮ್ಮದ್ ಹಸನ್ ಒಳಗೊಳಗೇ ಎರಡೂ ಕಡೆ ಆಟ ಆಡುತ್ತಿದ್ದ. ಅದು ಇಂಗ್ಲಿಷರಿಗೆ ಖಾತ್ರಿಯಾದದ್ದು ಕೋಟೆ ಬಿದ್ದ ಮೇಲೆ. ನವೆಂಬರ್ 13ರಂದು ಜನರಲ್ ವಿಲ್‌ಶೈರ್ ಕಲಾತ್‌ಗೆ ನುಗ್ಗಿದ. ಮೆಹ್ರಾಬ್ ಕತ್ತಿ ಹಿಡಿದೇ ಸತ್ತ.

ಆಗ ಇಂಗ್ಲಿಷರು ಹುಡುಕಿ ತಂದು ಕೂರಿಸಿದ್ದು ಈ ಶಾ ನವಾಜ್‌ನನ್ನು. ಹಿಂದೆ ಗಾದಿ ಕಳೆದುಕೊಂಡಿದ್ದ ಮೊಹಬ್ಬತ್ ಖಾನನ ವಂಶದವ, ಹಾಗಾಗಿ ಹಕ್ಕು ಇಲ್ಲ ಅನ್ನುವಂತಿಲ್ಲ. ಆದರೆ ಕೊಟ್ಟದ್ದು ಎಂಥ ರಾಜ್ಯ ನೋಡು. ಶಾಲ್ (ಈಗಿನ ಕ್ವೆಟ್ಟಾ), ಮಸ್ತುಂಗ್, ಕಚ್ಛಿ ಮೂರನ್ನೂ ಕಿತ್ತು ಶಾ ಶೂಜಾನ ಪಾಲಿಗೆ ಹಾಕಿದರು. ಕಚ್ಛಿ ಕಾಳು ಬೆಳೆಯುವ ಬಯಲು. ಚಳಿಗಾಲದಲ್ಲಿ ಬೆಟ್ಟದ ಬ್ರಾಹುಯಿಗಳು ಕುರಿಮಂದೆ ಹೊಡೆದುಕೊಂಡು ಇಳಿಯುವುದೇ ಅಲ್ಲಿಗೆ. ಅದಿಲ್ಲದ ಖಾನ ಸರದಾರರಿಗೆ ಏನು ಕೊಟ್ಟಾನು? ಕಣಜ ಖಾಲಿ ಮಾಡಿ ಕೈಗೆ ಬೀಗದ ಕೈ ಕೊಟ್ಟ ಹಾಗಾಯಿತು. ನನಗಂತೂ ಅವನನ್ನು ಸುಮ್ನೆ ಕೈಗೊಂಬೆ ಅಂತ ಬೈಯಲು ಮನಸ್ಸು ಬರುವುದಿಲ್ಲ.

ಕಾವಲಿಗೆ ಇದ್ದದ್ದು ಲೆಫ್ಟಿನೆಂಟ್ ಲವ್‌ಡೇ ಎಂಬ ಅಧಿಕಾರಿ, ಬೆರಳೆಣಿಕೆಯ ಸಿಪಾಯಿಗಳು. ಮೆಹ್ರಾಬನ ಮಗ ಇನ್ನೂ ಹದಿಹರೆಯದ ಹುಡುಗ. ಊರೂರು ತಲೆಮರೆಸಿಕೊಂಡಿದ್ದ. 1840ರ ಬೇಸಿಗೆಯಲ್ಲಿ ಸರಾವಾನ್ ಎಂಬ ಬೆಟ್ಟಸೀಮೆಯ ಸರದಾರರು ದಂಗೆ ಎದ್ದರು, ಹುಡುಗನನ್ನು ಮುಂದಿಟ್ಟುಕೊಂಡು ಕಲಾತ್‌ಗೆ ಮುತ್ತಿಗೆ ಹಾಕಿದರು. ಶಾ ನವಾಜ್ ಗಾದಿ ಬಿಟ್ಟುಕೊಟ್ಟ. ಹುಡುಗ ಎರಡನೇ ನಾಸಿರ್ ಖಾನನಾದ.

ಆ ಹೊತ್ತಿಗೆ ಕಲಾತ್‌ನಲ್ಲಿ ಇನ್ನೊಬ್ಬ ಇಂಗ್ಲಿಷಿನವನಿದ್ದ: ಚಾರ್ಲ್ಸ್ ಮೇಸನ್, ಹರಪ್ಪದ ದಿಬ್ಬವನ್ನು ಮೊದಲು ಕಂಡು ಬರೆದಿಟ್ಟನಲ್ಲ, ಅವನೇ. ಲವ್‌ಡೇ, ಮೇಸನ್ ಇಬ್ಬರೂ ಸೆರೆಯಾದರು. ಮಾತುಕತೆಗೆಂದು ಮೇಸನ್‌ನನ್ನು ಕ್ವೆಟ್ಟಾಕ್ಕೆ ಕಳಿಸಿದರೆ, ಅಲ್ಲಿ ಅವನ ಕಡೆಯವರೇ ಗೂಢಚಾರ ಅಂತ ಹಿಡಿದಿಟ್ಟರು! ಲವ್‌ಡೇ ಗತಿ ಇನ್ನೂ ಕೆಟ್ಟದ್ದು. ನವೆಂಬರಿನಲ್ಲಿ ಬೋಲಾನ್ ಕಣಿವೆಯ ಬುಡದ ದಾದರ್ ಊರಿನ ಹತ್ತಿರ ಬ್ರಾಹುಯಿಗಳು ಸೋತು ಓಡಿದಾಗ, ಅವರು ಬಿಟ್ಟುಹೋದ ಬಿಡಾರದಲ್ಲಿ ಅವನ ಹೆಣ ಸಿಕ್ಕಿತು. ಒಂಟೆಯ ಮೇಲಿಡುವ ಕಜಾವಕ್ಕೆ ಸರಪಳಿ ಬಿಗಿದಿತ್ತು. ಕತ್ತು ಆಗಷ್ಟೇ ಕೊಯ್ದದ್ದು, ಮೈ ಒಣಗಿ ಎಲುಬಾಗಿತ್ತು.

ಇಷ್ಟೆಲ್ಲ ಆದ ಮೇಲೆ 1841ರ ಅಕ್ಟೋಬರಿನಲ್ಲಿ ಇಂಗ್ಲಿಷರು ಆ ಹುಡುಗನನ್ನೇ ಖಾನ ಅಂತ ಒಪ್ಪಿ ಕರಾರು ಮಾಡಿಕೊಂಡರು. ಅಪ್ಪನನ್ನು ಕೊಂದು ಕಿತ್ತುಕೊಂಡ ಸೀಮೆಯಲ್ಲಿ ಕಚ್ಛಿ, ಮಸ್ತುಂಗ್ ಎರಡನ್ನು ಮಗನಿಗೆ ವಾಪಸ್ ಕೊಟ್ಟರು. ಇದನ್ನು ಮೊದಲೇ ಮಾಡಬಹುದಿತ್ತು, ಅಲ್ವಾ?

ಮೇಸನ್ ಕತೆ ಜಾಸ್ತಿ ಇದೆ, ಮುಂದಿನ ಪತ್ರದಲ್ಲಿ ಬರೆಯುತ್ತೇನೆ.

ನಿನ್ನವ