ವಾರಕ್ಕೆ ಒಂದೇ ಫೋಟೊ, ಜೊತೆಗೆ ನಾಲ್ಕು ಸಾಲು

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪತ್ರಿಕೆಯ ಓದುಗರ ಪತ್ರಗಳಲ್ಲಿ ಒಬ್ಬರು, ಈಗ ಎಲ್ಲರ ಕೈಯಲ್ಲೂ ಕ್ಯಾಮೆರಾ, ಬೆಳಗಾದರೆ ಗ್ರೂಪುಗಳ ತುಂಬ ಫೋಟೊ, ಇದೊಂದು ರೋಗ ಆಗಿಬಿಟ್ಟಿದೆ, ಜನ ಇದನ್ನೆಲ್ಲ ಬಿಟ್ಟು ಸುಮ್ನೆ ಕಣ್ಣಿನಿಂದ ನೋಡಿ ಬರುವುದನ್ನು ಕಲಿಯಬೇಕು ಎಂದು ಬರೆದಿದ್ದರು. ಅವರ ಮೊದಲ ಮಾತು ನನಗೂ ಒಪ್ಪಿಗೆ. ಮುಳ್ಳಯ್ಯನಗಿರಿಗೆ ಹೋಗಿ ಬಂದವರು ಒಂದೇ ಉಸಿರಿಗೆ ಎಂಬತ್ತು ಫೋಟೊ ಕಳಿಸಿದರೆ ಯಾರು ನೋಡುತ್ತಾರೆ? ಬೆರಳು ಜಾರಿಸಿ ಮುಂದೆ ಹೋಗುತ್ತೇವೆ. ಆದರೆ ಅದಕ್ಕೆ ಫೋಟೊ ತೆಗೆಯುವುದನ್ನೇ ಬಿಡಬೇಕು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಹಂಚುವುದನ್ನು ಕಡಿಮೆ ಮಾಡಿದರೆ ಸಾಕು. ನಾವು ಮಾಡಿ ನೋಡಿದ್ದೇವೆ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಹಾಸನ, ಬೇಲೂರು, ಸಕಲೇಶಪುರ, ಆಲೂರು, ಆಚೆ ಚಿಕ್ಕಮಗಳೂರು, ಮೂಡಿಗೆರೆ ಕಡೆಯ ಹವ್ಯಾಸಿಗಳು ಸೇರಿ ಒಂದು ವಾಟ್ಸ್‌ಆ್ಯಪ್ ಗ್ರೂಪು ಮಾಡಿಕೊಂಡಿದ್ದೇವೆ. ಕಾಫಿ ಬೆಳೆಗಾರರಿದ್ದಾರೆ, ಹೈಸ್ಕೂಲ್ ಮೇಷ್ಟ್ರಿದ್ದಾರೆ, ಬಸ್ ಕಂಡಕ್ಟರ್ ಇದ್ದಾರೆ, ಒಂದು ಕಾಲಕ್ಕೆ ಸ್ಟುಡಿಯೊ ನಡೆಸುತ್ತಿದ್ದ ಹಿರಿಯರೊಬ್ಬರಿದ್ದಾರೆ, ನನ್ನ ಹಾಗೆ ಮನೆ, ಆಫೀಸು ಮುಗಿಸಿ ಬಿಡುವಾದಾಗ ಕ್ಯಾಮೆರಾ ಹಿಡಿಯುವ ಹೆಂಗಸರೂ ಇದ್ದೇವೆ. ಕೆಲವರ ಹತ್ತಿರ ದೊಡ್ಡ ಲೆನ್ಸು, ಅರ್ಧಕ್ಕಿಂತ ಜಾಸ್ತಿ ಜನರ ಹತ್ತಿರ ಬರೀ ಮೊಬೈಲು. ನಿಯಮ ಒಂದೇ. ಭಾನುವಾರ ಸಂಜೆ ಒಬ್ಬರು ಒಂದೇ ಫೋಟೊ ಹಾಕಬೇಕು. ಆ ವಾರ ತೆಗೆದದ್ದರಲ್ಲಿ ತಮಗೆ ತುಂಬಾ ಹಿಡಿಸಿದ್ದು. ಜೊತೆಗೆ ಎಲ್ಲಿ, ಯಾವತ್ತು, ಯಾಕೆ ಇದೇ ಬೇಕಾಯಿತು ಎಂದು ನಾಲ್ಕು ಸಾಲು ಬರೆಯಬೇಕು. ಗುಡ್ ಮಾರ್ನಿಂಗ್, ಹಬ್ಬದ ಶುಭಾಶಯ, ರಾಜಕೀಯ ಯಾವುದೂ ಅಲ್ಲಿಗೆ ಬರುವ ಹಾಗಿಲ್ಲ.

ಒಂದನ್ನು ಆರಿಸುವುದು ಎಷ್ಟು ಕಷ್ಟ ಅಂತ ಮಾಡಿದವರಿಗೇ ಗೊತ್ತು. ಸ್ಟುಡಿಯೊ ಇಟ್ಟಿದ್ದ ಹಿರಿಯರು ಇದನ್ನು ಆಗಾಗ ಹೇಳುತ್ತಾರೆ. ಅವರ ಕಾಲದಲ್ಲಿ ಒಂದು ರೀಲಿಗೆ 36 ಫೋಟೊ, ಅದನ್ನು ತೊಳೆಸಿ ಪ್ರಿಂಟ್ ಹಾಕಿಸಲು ಬೇರೆ ದುಡ್ಡು, ಹಾಗಾಗಿ ಬಟನ್ ಒತ್ತುವ ಮೊದಲೇ ಆಯ್ಕೆ ಮುಗಿದಿರುತ್ತಿತ್ತು. ಈಗ ಒತ್ತುವುದು ಪುಕ್ಕಟೆ. ಆದ್ದರಿಂದ ಆಯ್ಕೆ ಒತ್ತಿದ ಮೇಲೆ ಆಗಬೇಕು, ಅದು ಬಹಳ ಜನರ ಹತ್ತಿರ ಆಗುವುದೇ ಇಲ್ಲ. ಶನಿವಾರ ರಾತ್ರಿ ಕೂತು ಆ ವಾರದ್ದನ್ನೆಲ್ಲ ತೆರೆದು, ಇದು ಅಲುಗಾಡಿದೆ, ಇದರಲ್ಲಿ ತಲೆಯ ಹಿಂದೆ ಕರೆಂಟ್ ಕಂಬ ಎದ್ದಿದೆ, ಇದು ಚೆನ್ನಾಗಿದೆ ಆದರೆ ಹೋದ ವರ್ಷವೂ ಇದನ್ನೇ ತೆಗೆದಿದ್ದೆ, ಹೀಗೆ ಒಂದೊಂದನ್ನೇ ಕೈಬಿಡುತ್ತಾ ಬಂದರೆ ಕೊನೆಗೆ ಎರಡು ಉಳಿಯುತ್ತವೆ. ಆ ಎರಡರಲ್ಲಿ ಯಾವುದು ಅನ್ನುವಾಗ ನಮ್ಮ ಕಣ್ಣು ಏನನ್ನು ಹುಡುಕುತ್ತಿದೆ ಅಂತ ನಮಗೇ ತಿಳಿಯುತ್ತದೆ.

ಒಂದು ಉದಾಹರಣೆ ಹೇಳಲೇಬೇಕು. ನಮ್ಮ ಕಡೆ ಮಾರ್ಚ್, ಏಪ್ರಿಲ್ ಹೊತ್ತಿಗೆ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಕಾಫಿ ತೋಟ ಪೂರ್ತಿ ಬೆಳ್ಳಗಾಗುತ್ತದೆ. ಎರಡು ಮೂರು ದಿನ ಅಷ್ಟೇ, ಆಮೇಲೆ ಹೂವು ಕಂದು ಬಣ್ಣಕ್ಕೆ ತಿರುಗುತ್ತದೆ. ಆ ದಿನಗಳಲ್ಲಿ ಎಲ್ಲರೂ ತೆಗೆಯುವುದು ಒಂದೇ ಫೋಟೊ, ಬಿಳಿ ಹೂವಿನ ಕೊಂಬೆ, ಹಿಂದೆ ಮಸುಕಾದ ಹಸಿರು. ಸಕಲೇಶಪುರದ ಕಡೆಯ ಬೆಳೆಗಾರರೊಬ್ಬರು ಆ ವಾರ ಹಾಕಿದ್ದು ಬೇಲಿಯ ಫೋಟೊ. ಬೇಲಿಯ ಈಚೆ ಗಿಡಗಳೆಲ್ಲ ಬಿಳಿ, ಆಚೆ ಒಂದು ಹೂವೂ ಇಲ್ಲ. ಅವರು ಕೆಳಗೆ ಬರೆದದ್ದು ಇಷ್ಟು: ಈಚೆ ಸ್ಪ್ರಿಂಕ್ಲರ್ ಹೊಡೆದಿದ್ದಾರೆ, ಆಚೆಯವರು ಮಳೆ ಕಾಯುತ್ತಿದ್ದಾರೆ. ಕೆರೆ, ಮೋಟಾರು, ಡೀಸೆಲ್ ಇರುವವರಿಗೂ ಇಲ್ಲದವರಿಗೂ ನಡುವೆ ಏನಿದೆ ಅಂತ ಅದೊಂದು ಫೋಟೊದಲ್ಲಿ ಬಂದಿತ್ತು. ಅವರು ಅವತ್ತು ನಲವತ್ತು ಫೋಟೊ ಕಳಿಸಿದ್ದರೆ ಅದೊಂದು ನಮ್ಮ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ನಾಲ್ಕು ಸಾಲು ಬರೆಯದಿದ್ದರೆ ಹಾಸನ ಪೇಟೆಯಲ್ಲಿ ಬೆಳೆದ ನನ್ನಂಥವಳಿಗೆ ಅದು ಅರ್ಥವೂ ಆಗುತ್ತಿರಲಿಲ್ಲ.

ಇನ್ನು ನೋಡಿದವರು ಏನು ಹೇಳಬೇಕು ಅನ್ನುವುದು. ಸೂಪರ್ ಸರ್, ಹೆಬ್ಬೆರಳು, ಹೂವು, ಇಷ್ಟರಲ್ಲೇ ಮುಗಿಸಿದರೆ ಹಾಕಿದವರಿಗೆ ಏನು ಸಿಕ್ಕಿತು? ನಮ್ಮಲ್ಲಿ ಹಿಡಿಸಿದ್ದು ಏನು, ಬೇರೆ ಥರ ಏನು ಮಾಡಬಹುದಿತ್ತು, ಎರಡನ್ನೂ ಹೇಳುವ ರೂಢಿ ಬಂದಿದೆ. ಬೇಲೂರಿನ ಚೆನ್ನಕೇಶವ ದೇವಸ್ಥಾನದ ಮದನಿಕೆ, ಅಂದರೆ ಸೂರಿನ ಕೆಳಗಿನ ಹೆಣ್ಣಿನ ಶಿಲ್ಪದ ಒಂದು ಫೋಟೊ ಮೇಲೆ ನಡೆದ ಚರ್ಚೆ ನನಗೆ ಈಗಲೂ ನೆನಪಿದೆ. ಕಲ್ಲಿನ ಕೆತ್ತನೆಗೆ ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲೇ ಬೇಕು, ನಡು ಮಧ್ಯಾಹ್ನ ಹೋಗಬೇಡಿ ಎಂದು ಎಲ್ಲರೂ ಹೇಳುತ್ತಾರೆ. ಹಳೇಬೀಡಿನ ಗೋಡೆಯ ಬುಡದಲ್ಲಿ ಸಾಲಾಗಿ ಸಾಗುವ ಆನೆಗಳಿಗೆ ಅದು ಸರಿ, ಓರೆ ಬಿಸಿಲಿಗೆ ನೆರಳು ಎದ್ದು ಒಂದೊಂದು ಆನೆಯೂ ಬೇರೆಯಾಗಿ ಕಾಣುತ್ತದೆ. ಆದರೆ ನಮ್ಮ ಕಂಡಕ್ಟರ್ ಡ್ಯೂಟಿ ನಡುವೆ ಸಿಕ್ಕ ಹೊತ್ತಿನಲ್ಲೇ ತೆಗೆಯಬೇಕು, ಅವರಿಗೆ ಸಿಗುವುದು ಮಧ್ಯಾಹ್ನವೇ. ಅವರು ಹಾಕಿದ ಮದನಿಕೆಯ ಮುಖದ ಮೇಲೆ ಮೆತ್ತಗಿನ ಬೆಳಕಿತ್ತು. ಸೂರಿನ ಕೆಳಗೆ ಓರೆಯಾಗಿ ನಿಂತಿರುವ ಆ ಶಿಲ್ಪಕ್ಕೆ ಮಧ್ಯಾಹ್ನ ಬೆಳಕು ಎಲ್ಲಿಂದ ಬಂತು ಎಂದು ಮೇಷ್ಟ್ರು ಕೇಳಿದರು. ದೇವಸ್ಥಾನದ ಸುತ್ತಲಿನ ಜಗತಿಯ, ಅಂದರೆ ಎತ್ತರದ ಕಟ್ಟೆಯ ಕಲ್ಲುಹಾಸಿಗೆ ಬಿದ್ದ ಬಿಸಿಲು ಮೇಲಕ್ಕೆ ಚೆಲ್ಲಿ ಸೂರಿನ ಒಳಗನ್ನು ಬೆಳಗುತ್ತದೆ, ಬೇಕಾದರೆ ಬಂದು ನೋಡಿ ಅಂದರು ಕಂಡಕ್ಟರ್. ಮೇಷ್ಟ್ರು ಹೋಗಿ ನೋಡಿ ಬಂದರು, ಆಮೇಲೆ ನಾನೂ ಹೋದೆ. ಹೌದು. 1117ರಲ್ಲಿ ಪ್ರತಿಷ್ಠೆಯಾದ ದೇವಸ್ಥಾನ, ಎಷ್ಟು ಜನ ಎಷ್ಟು ಸಲ ನೋಡಿದ್ದೇವೆ, ಆದರೂ ಹೊಸದೊಂದು ಸಂಗತಿಯನ್ನು ಮೊಬೈಲ್ ಹಿಡಿದ ಒಬ್ಬರು ತೋರಿಸಿಕೊಟ್ಟರು. ಕಣ್ಣಿನಿಂದ ನೋಡುವುದನ್ನು ಕಲಿಯಿರಿ ಎಂದು ಬರೆದ ಆ ಓದುಗರು ಇದನ್ನು ದಯವಿಟ್ಟು ಗಮನಿಸಬೇಕು. ಫೋಟೊ ಹಂಚಿಕೊಂಡದ್ದರಿಂದಲೇ ನಾವು ನೋಡಿದ್ದು.

ದಿನಾಂಕ ಬರೆಯಿರಿ ಎಂದು ನಾವು ಯಾಕೆ ಹಟ ಹಿಡಿಯುತ್ತೇವೆ ಅಂದರೆ, ನಮ್ಮ ಎರಡು ಜಿಲ್ಲೆಗಳಲ್ಲೂ ಹನ್ನೆರಡು ವರ್ಷಕ್ಕೊಮ್ಮೆ ಬರುವ ಸಂಗತಿಗಳಿವೆ. ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕ 2006ರಲ್ಲಿ ಆಯಿತು, 2018ರಲ್ಲಿ ಆಯಿತು. ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತದಲ್ಲಿ ನೀಲಕುರಿಂಜಿ ಹೂವು ಅರಳುವುದೂ ಹನ್ನೆರಡು ವರ್ಷಕ್ಕೊಮ್ಮೆ. ಮಹಾಮಸ್ತಕಾಭಿಷೇಕದ ಮುಂದಿನ ಸರದಿ 2030. ಇಸವಿ ಇಲ್ಲದೆ ತಿರುಗುವ ಕುರಿಂಜಿ ಗುಡ್ಡದ ಫೋಟೊ ಯಾವ ಸಲದ್ದು ಅಂತ ಹೇಗೆ ಹೇಳುವುದು? ಎರಡು ಸಲ ಒಂದೇ ಇಳಿಜಾರಿನಲ್ಲಿ ತೆಗೆದ ಫೋಟೊಗಳು ದಿನಾಂಕದ ಸಮೇತ ಸಿಕ್ಕರೆ ಹೂವಿನ ಜಾಗ ಹೆಚ್ಚಿದೆಯೋ, ರಸ್ತೆ, ರೆಸಾರ್ಟು ಬಂದು ಕಡಿಮೆಯಾಗಿದೆಯೋ ಪಕ್ಕಪಕ್ಕ ಇಟ್ಟು ನೋಡಬಹುದು. ಶೆಟ್ಟಿಹಳ್ಳಿ ಚರ್ಚಿನದ್ದೂ ಇದೇ ಕತೆ. ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಆ ಚರ್ಚಿಗೆ ಗೊರೂರಿನ ಹೇಮಾವತಿ ಜಲಾಶಯ ತುಂಬಿದಾಗ ನೀರು ನುಗ್ಗುತ್ತದೆ, ಬೇಸಿಗೆಗೆ ಗೋಡೆಗಳ ಬುಡದವರೆಗೂ ನಡೆದು ಹೋಗಬಹುದು. ಒಂದೇ ಕಡೆ ನಿಂತು ತಿಂಗಳು ತಿಂಗಳು ತೆಗೆದ ಫೋಟೊಗೆ ಯಾವ ಪ್ರಶಸ್ತಿಯೂ ಬರಲಿಕ್ಕಿಲ್ಲ, ಆದರೆ ಆ ಗೋಡೆಗಳ ಮುಂದಿನ ಗತಿ ಏನು ಅಂತ ಕೇಳುವವರಿಗೆ ಅದೇ ಬೇಕಾಗುತ್ತದೆ. 1850ರ ದಶಕದಲ್ಲೇ ಓಕ್ಲಿ, ಪಿಗೌ ಎಂಬ ಆಂಗ್ಲರು ಹಳೇಬೀಡಿನ ಫೋಟೊ ತೆಗೆದಿದ್ದರು. ಯಾರು ತೆಗೆದದ್ದು, ಯಾವ ಕಾಲದ್ದು ಅಂತ ಗೊತ್ತಿರುವುದರಿಂದಲೇ ಅವು ಇವತ್ತಿಗೂ ಕೆಲಸಕ್ಕೆ ಬರುತ್ತವೆ.

ಹಂಚಬಾರದ್ದೂ ಇದೆ, ಅದನ್ನು ಗಟ್ಟಿಯಾಗಿಯೇ ಹೇಳುತ್ತೇನೆ. ಹಕ್ಕಿ ಗೂಡಿನ ಫೋಟೊ ನಮ್ಮಲ್ಲಿ ಹಾಕುವಂತಿಲ್ಲ. ಮಂಗಟ್ಟೆಯ ಹೆಣ್ಣು ಮರದ ಪೊಟರೆಯೊಳಗೆ ತನ್ನನ್ನು ತಾನೇ ಮುಚ್ಚಿಕೊಂಡು ಮೊಟ್ಟೆಗೆ ಕೂರುತ್ತದೆ, ಗಂಡು ಹಣ್ಣು ತಂದು ಸಣ್ಣ ಸೀಳಿನಿಂದ ಕೊಡಬೇಕು. ಆ ಮರದ ಕೆಳಗೆ ಹತ್ತು ಜನ ಟ್ರೈಪಾಡ್ ನಿಲ್ಲಿಸಿಕೊಂಡು ಕೂತರೆ ಗಂಡು ಹತ್ತಿರ ಬರಲು ಹೆದರುತ್ತದೆ, ಒಳಗಿರುವ ತಾಯಿ ಮರಿ ಉಪವಾಸ. ಇನ್ನು ಆನೆ. ಸಕಲೇಶಪುರ, ಆಲೂರು, ಬೇಲೂರು ಕಡೆ ತೋಟಕ್ಕೆ ಆನೆ ಬಂದರೆ ಏನಾಗುತ್ತದೆ ಅಂತ ಈ ಪತ್ರಿಕೆ ಓದುವವರಿಗೆ ನಾನು ಹೇಳಬೇಕಾಗಿಲ್ಲ. ಆನೆ ಇನ್ನೂ ಅಲ್ಲೇ ನಿಂತಿರುವಾಗ ಯಾರೋ ಜಾಗದ ಹೆಸರು ಹಾಕಿ ಫೋಟೊ ಬಿಡುತ್ತಾರೆ, ಅರ್ಧ ಗಂಟೆಯೊಳಗೆ ಬೈಕುಗಳು ಸಾಲುಗಟ್ಟುತ್ತವೆ, ಗಲಾಟೆಗೆ ಆನೆ ಕೆರಳುತ್ತದೆ, ಕೊನೆಗೆ ಅದಕ್ಕೆ ಎದುರಾಗುವುದು ಕೆಲಸ ಮುಗಿಸಿ ಲೈನ್ ಮನೆಗೆ ನಡೆದು ಹೋಗುವ ಕೂಲಿಯವರು. ಆನೆ ಎಲ್ಲಿದೆ ಅನ್ನುವುದು ಅರಣ್ಯ ಇಲಾಖೆಗೂ ಅಕ್ಕಪಕ್ಕದ ತೋಟದವರಿಗೂ ತಕ್ಷಣ ಫೋನ್ ಮಾಡಿ ಹೇಳಬೇಕಾದ ವಿಷಯ. ಫೋಟೊ ಆಮೇಲೆ, ಆನೆ ದಾಟಿ ಎಷ್ಟೋ ದಿನವಾದ ಮೇಲೆ.

ಇಲ್ಲೊಂದು ತಾಂತ್ರಿಕ ವಿಷಯ ಬಹಳ ಜನರಿಗೆ ಗೊತ್ತಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದರೆ ಫೋಟೊದ ಗಾತ್ರ ಕುಗ್ಗಿ ಗುಣಮಟ್ಟ ಹೋಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಮೂಲ ಫೋಟೊ ಹಾಗೇ ಹೋಗುತ್ತದೆ. ಆದರೆ ಮೊಬೈಲ್ ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಇದ್ದರೆ, ನೀವು ಊರಿನ ಹೆಸರು ಬರೆಯದಿದ್ದರೂ, ಆ ಮೂಲ ಫೋಟೊದೊಳಗೆ ತೆಗೆದ ಜಾಗ ಕೂತೇ ಇರುತ್ತದೆ. ಕಾಡಿಗೆ ಹೋಗುವಾಗ ಕ್ಯಾಮೆರಾ ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು ಆಫ್ ಮಾಡಿಕೊಳ್ಳಿ.

ಜನರ ಫೋಟೊ ವಿಷಯದಲ್ಲಿ ನಮ್ಮ ಹಿರಿಯರು ಹಾಕಿಕೊಟ್ಟ ಪದ್ಧತಿ ಸರಳ. ಕೇಳಿ ತೆಗೆಯಿರಿ, ಪ್ರಿಂಟ್ ಹಾಕಿಸಿ ಕೊಡಿ. ಕಾಫಿ ಕೊಯ್ಯುವ ಅಮ್ಮನ ಕೈಗೆ ಅವರದೇ ಫೋಟೊ ಕೊಟ್ಟಾಗ ಅವರು ಮೊದಲು ಕೇಳುವುದು ಇನ್ನೊಂದು ಇದೆಯಾ, ಮಗಳಿಗೆ ಕಳಿಸಬೇಕು ಅಂತ. ಆದ್ದರಿಂದ ಎರಡು ಹಾಕಿಸುವುದು ಒಳ್ಳೆಯದು.

ಈಗ ನಿಮ್ಮಲ್ಲಿ ಕೇಳಿಕೊಳ್ಳಬೇಕಾದದ್ದು. ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ವಾರಕ್ಕೊಮ್ಮೆ ಓದುಗರ ಒಂದು ಫೋಟೊಗೆ ಜಾಗ ಕೊಡಿ. ಸ್ಪರ್ಧೆ ಬೇಡ, ಬಹುಮಾನ ಬೇಡ, ತೀರ್ಪುಗಾರರೂ ಬೇಡ. ಸ್ಪರ್ಧೆ ಅಂದ ಕೂಡಲೇ ಜನ ಗೆಲ್ಲುವಂಥ ಫೋಟೊ ಹುಡುಕುತ್ತಾರೆ, ತಮಗೆ ಹಿಡಿಸಿದ್ದು ಮೂಲೆಗೆ ಹೋಗುತ್ತದೆ. ಒಂದು ಫೋಟೊ, ತೆಗೆದವರ ಹೆಸರು, ಊರು, ದಿನಾಂಕ, ಯಾಕೆ ಇಷ್ಟ ಅನ್ನುವ ನಾಲ್ಕು ಸಾಲು. ಗ್ರೂಪಿನಲ್ಲಿ ಹಾಕಿದ್ದು ನಮ್ಮ ನಡುವೆಯೇ ಉಳಿಯುತ್ತದೆ, ಪತ್ರಿಕೆಯಲ್ಲಿ ಬಂದರೆ ಅರಸೀಕೆರೆಯ ತೆಂಗಿನ ತೋಟದವರೂ ಕೊಪ್ಪದ ಅಡಕೆ ತೋಟದವರೂ ಒಬ್ಬರ ಊರನ್ನು ಒಬ್ಬರು ನೋಡುತ್ತಾರೆ, ಅಲ್ವಾ?

ಹೆಸರಿನ ವಿಷಯ ಒತ್ತಿ ಹೇಳಲು ಕಾರಣವಿದೆ. ನಮ್ಮ ಗ್ರೂಪಿನವರ ಫೋಟೊಗಳು ಕೈಯಿಂದ ಕೈಗೆ ಹೋಗಿ, ಎಷ್ಟೋ ಕಡೆ ಚಿತ್ರಕೃಪೆ ಅಂತರ್ಜಾಲ ಎಂಬ ಸಾಲಿನೊಂದಿಗೆ ಅಚ್ಚಾಗಿ ಬಂದಿವೆ. ಅಂತರ್ಜಾಲ ಫೋಟೊ ತೆಗೆಯುವುದಿಲ್ಲ. ಮಂಜಿನಲ್ಲಿ ಬೆಳಗ್ಗೆ ಐದಕ್ಕೆ ಎದ್ದು ಹೋದವರು ಒಬ್ಬರು ಇರುತ್ತಾರೆ, ಅವರಿಗೆ ಅದರಿಂದ ದುಡ್ಡು ಬರುವುದಿಲ್ಲ, ಹೆಸರಾದರೂ ಬರಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಫೋಟೊಗಳೂ ಸೇರಿವೆ, ವಾಟ್ಸ್‌ಆ್ಯಪ್‌ನಲ್ಲಿ ಬಂದ ಮಾತ್ರಕ್ಕೆ ಹಕ್ಕು ತೆಗೆದವರ ಕೈತಪ್ಪುವುದಿಲ್ಲ. ಯಾರು ತೆಗೆದದ್ದು ಅಂತ ಒಂದು ಫೋನ್ ಮಾಡಿ ಕೇಳಿದರೆ ನಮ್ಮವರು ಖುಷಿಯಿಂದಲೇ ಕೊಡುತ್ತಾರೆ.

ನೀವು ಈ ಜಾಗ ಶುರು ಮಾಡುವುದಾದರೆ ಒಂದು ಮಾತು ನೆನಪಿಡಿ. ಮೊಬೈಲಿನಲ್ಲಿ ತೆಗೆದದ್ದು ಅಂತ ಯಾವುದನ್ನೂ ಪಕ್ಕಕ್ಕೆ ಇಡಬೇಡಿ. ದೊಡ್ಡ ಕ್ಯಾಮೆರಾ ಇರುವವರಿಗೆ ತೋರಿಸಿಕೊಳ್ಳಲು ಬೇರೆ ಜಾಗಗಳಿವೆ. ತೋಟದಲ್ಲಿ, ಬಸ್ಸಿನಲ್ಲಿ, ಸಂತೆಯಲ್ಲಿ ದಿನವಿಡೀ ಇರುವವರಿಗೆ ಕಾಣುವುದು ವಾರಕ್ಕೊಮ್ಮೆ ಕಾರಿನಲ್ಲಿ ಹೋಗಿ ಬರುವ ನಮಗೆ ಕಾಣುವುದಿಲ್ಲ. ಫೋಟೊ ಕಳಿಸುವ ವಿಳಾಸವನ್ನು ನೀವು ಪ್ರಕಟಿಸಿದ ವಾರದಿಂದಲೇ ನಮ್ಮ ಗ್ರೂಪಿನವರು ಕಳಿಸಲು ಸಿದ್ಧರಿದ್ದಾರೆ. ಮೊದಲು ಕಂಡಕ್ಟರ್ ಅವರ ಮದನಿಕೆಯ ಫೋಟೊ ಕಳಿಸಬೇಕು ಅಂತ ಎಲ್ಲರೂ ಈಗಾಗಲೇ ಹೇಳಿಬಿಟ್ಟಿದ್ದಾರೆ.

ಇಂತಿ,
ಒಬ್ಬ ಹವ್ಯಾಸಿ ಛಾಯಾಗ್ರಾಹಕಿ,
ಹಾಸನ