ಕಿಂಗ್ಡಾ ಕಾ ಲೇಖನ: ಪರಿಶೀಲಿಸುವವರ ಗಮನಕ್ಕೆ

ನಮಸ್ಕಾರ. ನ್ಯೂಜೆರ್ಸಿಯ ಈ ರೋಲರ್ ಕೋಸ್ಟರ್ ಲೇಖನದಲ್ಲಿ ಮೊದಲು ಕ್ರಿಯಾಪದ ನೋಡಿ. 2025ರ ಫೆಬ್ರವರಿ 28ರಂದು ಅದನ್ನು ಸ್ಫೋಟಿಸಿ ಕೆಡವಿ ಆಗಿದೆ. "ಓಡುತ್ತದೆ" ಅಂತಿರುವಲ್ಲೆಲ್ಲ "ಓಡುತ್ತಿತ್ತು" ಆಗಬೇಕು. ಮಾಹಿತಿಚೌಕದಲ್ಲೂ ಅಷ್ಟೇ.

ಎತ್ತರ 456 ಅಡಿ (139 ಮೀಟರ್), ವೇಗ ಗಂಟೆಗೆ 128 ಮೈಲಿ (206 ಕಿ.ಮೀ.). ಅನುವಾದ ಮಾಡುವಾಗ ಮೈಲಿಯ ಅಂಕಿಗೇ ಕಿ.ಮೀ. ಅಂಟಿಸಿಬಿಡುತ್ತಾರೆ, ಹುಷಾರು. "ಅತಿ ವೇಗದ್ದು" ಎಂಬುದಕ್ಕೆ 2005–2010 ಅಂತ ಅವಧಿ ಹಾಕಿ. ಆಮೇಲೆ ಆ ಪಟ್ಟ ಅಬುಧಾಬಿಯ ಫಾರ್ಮುಲಾ ರೊಸ್ಸಾ ಎಂಬ ರೋಲರ್ ಕೋಸ್ಟರ್‌ಗೆ ಹೋಯಿತು.

ರೈಲನ್ನು ಚಿಮ್ಮಿಸುತ್ತಿದ್ದುದು ಹೈಡ್ರಾಲಿಕ್ ಮೋಟಾರು ಎಳೆಯುವ ಉಕ್ಕಿನ ಹಗ್ಗ. ಅಯಸ್ಕಾಂತ ಇದ್ದದ್ದು ಬ್ರೇಕಿಗೆ. ವೇಗ ಸಾಲದೆ ರೈಲು ತುದಿ ದಾಟದೆ ಹಿಂದಕ್ಕೆ ಜಾರುವುದು ವಿನ್ಯಾಸದಲ್ಲೇ ಲೆಕ್ಕಹಾಕಿದ ಸಂಗತಿ, "ಅವಘಡಗಳು" ವಿಭಾಗದಿಂದ ತೆಗೆಯಿರಿ. "ಮೈ ನವಿರೇಳಿಸುವ" ಥರದ ಜಾಹೀರಾತು ಮಾತಿಗೂ ಕತ್ತರಿ.